ಶಾದ್ಲಿ ಇದ್ದಾರಾ ಎಂದು ನಾಲ್ಕು ಯಂತ್ರಗಳನ್ನು ಕೇಳುವ ಹಯೇತ್

ಬೆಳಗಿನ ಆರು ಗಂಟೆ. ಸ್ಫಾಕ್ಸ್ ಬಂದರಿನ ಹಿಂದಿನ ಬೀದಿಯಲ್ಲಿ ರಕ್ತದಾನಿಗಳ ಸಂಘದ ಬಾಗಿಲು ತೆಗೆದು ಹಯೇತ್ ಲೂಮಿ ಒಳಗೆ ಬರುತ್ತಾರೆ. ಕೈಯಲ್ಲೊಂದು ಸ್ಟೀಲ್ ಡಬ್ಬಿ, ಅದರಲ್ಲಿ ಬ್ಸೀಸಾ. ಹುರಿದ ಬಾರ್ಲಿ ಹಿಟ್ಟಿಗೆ ಆಲಿವ್ ಎಣ್ಣೆ ಹಾಕಿ ಮನೆಯಲ್ಲೇ ಕಲಸಿಕೊಂಡು ತಂದದ್ದು. ಆದರೆ ತಿನ್ನುವುದು ಆಮೇಲೆ. ಮೊದಲು ಗೋಡೆಯ ಪಕ್ಕದಲ್ಲಿರುವ ನಾಲ್ಕು ಕಂಪ್ಯೂಟರ್ ಯಂತ್ರಗಳ ಮುಂದೆ ಕುರ್ಚಿ ಎಳೆದುಕೊಂಡು, ನಾಲ್ಕಕ್ಕೂ ಒಂದೇ ಪ್ರಶ್ನೆ ಕೇಳುತ್ತಾರೆ: ಕೆರ್ಕೆನ್ನಾ ದ್ವೀಪದ ಮೀನುಗಾರ ಶಾದ್ಲಿ ಸೂಯಿಸ್ಸಿ ನಮ್ಮ ದಾನಿಗಳ ಪಟ್ಟಿಯಲ್ಲಿ ಇದ್ದಾರಾ?

ಮೊದಲನೆಯದು ಇದ್ದಾರೆ ಎನ್ನುತ್ತದೆ. ಎರಡನೆಯದೂ ಮೂರನೆಯದೂ ಹಾಗೇ ಹೇಳುತ್ತವೆ. ಈ ಗುರುವಾರ ನಾಲ್ಕನೆಯದು ಮಾತ್ರ ಇಲ್ಲ ಎಂದಿತು. ಹಯೇತ್ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ಒರೆಸಿಕೊಂಡು, ಅದನ್ನೇ ಇನ್ನೊಮ್ಮೆ ಕೇಳುತ್ತಾರೆ. ಇಲ್ಲ. ಎಂಟು ಗಂಟೆಯ ಲೂದ್ ಹಡಗಿನಲ್ಲಿ ದ್ವೀಪಕ್ಕೆ ಹೊರಡಬೇಕಾದದ್ದು ಆ ನಾಲ್ಕನೆಯ ಯಂತ್ರವೇ.

ದ್ವೀಪದ ಚಿಕಿತ್ಸಾಲಯದಲ್ಲಿದ್ದ ಹಳೆಯದು ಎರಡು ದಿನದ ಹಿಂದೆ ಉಪ್ಪುಗಾಳಿಗೆ ಕೆಟ್ಟು ಕೂತಿದೆ. ಅಂದಿನಿಂದ ಅಲ್ಲಿನ ನರ್ಸ್ ಮಬ್ರೂಕಾ ಫೋನಿನಲ್ಲಿ ಸ್ಫಾಕ್ಸನ್ನು ಕೇಳಿ ಕೇಳಿ ಕೆಲಸ ಸಾಗಿಸುತ್ತಿದ್ದಾರೆ. ಮಧ್ಯಾಹ್ನಕ್ಕೆ ಗಾಳಿ ಏಳುವ ಸೂಚನೆಯಿದೆ. ಗಾಳಿ ಎದ್ದರೆ ದ್ವೀಪಕ್ಕೆ ಲೂದ್ ಇಲ್ಲ, ಕೆಲವು ಸಲ ಫೋನೂ ಇಲ್ಲ. ಅಲ್ಲಿ ಇಬ್ಬರು ಹೆಂಗಸರಿಗೆ ದಿನ ತುಂಬಿದೆ.

ಹಯೇತ್‌ಗೆ ಐವತ್ಮೂರು. ಕಂಪ್ಯೂಟರ್ ಓದಿದವರಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಟೈಪಿಸ್ಟ್ ಆಗಿ ಸಂಘಕ್ಕೆ ಸೇರಿದರು. ದಾನಿಗಳ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿದವರು ಅವರೇ. ಹುಡುಕಿದ್ದು ಸಿಗದಿದ್ದಾಗ ಎಂಜಿನಿಯರು ಟ್ಯೂನಿಸ್‌ನಿಂದ ಬರಬೇಕಿತ್ತು, ಬರಲು ನಾಲ್ಕು ದಿನ. ಆ ನಾಲ್ಕು ದಿನ ಬೈಸಿಕೊಳ್ಳುತ್ತಿದ್ದವರು ಹಯೇತ್. "ಬೈಸ್ಕೊಂಡು ಬೈಸ್ಕೊಂಡು ಸಾಕಾಯ್ತು. ಕೊನೆಗೆ ನಾನೇ ಕಲ್ತೆ," ಎನ್ನುತ್ತಾರೆ. ಗಂಡ ತೀರಿಕೊಂಡ ವರ್ಷ, ಮಗಳು ಶಾಲೆಗೆ ಹೋದ ಮೇಲೆ, ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕಲಿತದ್ದು. ಅರ್ಥವಾಗದ ಪುಟಗಳ ಮೇಲೆ ಹರೀಸಾ ಖಾರದ ಕಲೆಗಳಿವೆ, ಅರ್ಥವಾದವು ಶುಭ್ರವಾಗಿವೆ ಎಂದು ಅವರೇ ತಮಾಷೆ ಮಾಡುತ್ತಾರೆ.

ಈಗ ಸಂಘಕ್ಕೆ ಹನ್ನೊಂದು ಕೇಂದ್ರಗಳಿವೆ, ಪಟ್ಟಿಯಲ್ಲಿ ಅರವತ್ತೊಂದು ಸಾವಿರ ದಾನಿಗಳಿದ್ದಾರೆ. ಕೇಂದ್ರಗಳಲ್ಲಿರುವ ಯಂತ್ರಗಳೋ, ಒಂದೊಂದು ಒಂದೊಂದು ಜಾತಿ. ಕೆಲವು ಹಳೆಯ ಮೇಜಿನ ಕಂಪ್ಯೂಟರುಗಳು. ಕೆಲವು ಮೊಬೈಲ್ ಫೋನಿನೊಳಗಿನ ಜಾತಿಯ ಪ್ರೊಸೆಸರ್ ಇರುವ, ಅಂಗೈಯಗಲದ ಹೊಸ ಯಂತ್ರಗಳು. ಕರೆಂಟು ಕಡಿಮೆ ಕುಡಿಯುತ್ತವೆ ಎಂದು ತಂದವು. ಗಾಬೆಸ್ ಕೇಂದ್ರದಲ್ಲಿ ಯಾರೋ ದಾನ ಕೊಟ್ಟದ್ದೊಂದು ಇದೆ, ಅದು ಸಂಖ್ಯೆಗಳನ್ನು ಉಳಿದವಕ್ಕಿಂತ ತಿರುಗುಮುರುಗಾಗಿ ಇಟ್ಟುಕೊಳ್ಳುತ್ತದೆ. ಒಂದು ಜಾತಿಗೆ ಕಟ್ಟಿದ ಪ್ರೋಗ್ರಾಮ್ ಇನ್ನೊಂದರಲ್ಲಿ ಓಡುವುದಿಲ್ಲ. ಹೀಗಾಗಿ ಪ್ರತಿಯೊಂದಕ್ಕೂ ಬೇರೆ ಬೇರೆ ಬಿಲ್ಡ್, ಅಂದರೆ ಅದೇ ಪ್ರೋಗ್ರಾಮನ್ನು ಆ ಜಾತಿಗೆಂದೇ ಕಟ್ಟಿದ ರೂಪ; ಒಂದೊಂದು ಬಿಲ್ಡಿಗೂ ನಾನ್ನೂರ ಹನ್ನೆರಡು ಪರೀಕ್ಷೆಗಳು. ಎಲ್ಲ ಜಾತಿಯ ಒಂದೊಂದು ಯಂತ್ರವನ್ನು ಕಚೇರಿಯಲ್ಲಿ ಸಾಕಿಕೊಂಡು, ಬೆಳಗಾಗೆದ್ದು ಫಲಿತಾಂಶ ಓದುವುದು ಹಯೇತ್ ಕೆಲಸ.

ಅವರು ಕೆಲಸ ಮಾಡುವ ರೀತಿ ಸರಳ. ಒಂದೇ ಪ್ರಶ್ನೆ ಎಲ್ಲರಿಗೂ, ಒಂದೇ ಉತ್ತರ ಎಲ್ಲರಿಂದ. "ಎಲ್ಲ ಸೇರಿ ತಪ್ಪು ಹೇಳಿದ್ರೆ ತಪ್ಪು ನಂದು. ಒಂದೇ ಒಂದು ಬೇರೆ ಹೇಳಿದ್ರೆ ಅದರ ಹೊಟ್ಟೇಲಿ ಏನೋ ಇದೆ."

ಮೊದಲ ಪ್ರಶ್ನೆ ಶಾದ್ಲಿಯದೇ ಯಾಕೆ ಎಂದು ಕೇಳಿದರೆ ಹಯೇತ್ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಆಮೇಲೆ, "ಅದು ನನ್ನ ತಪ್ಪಿನ ಕಥೆ, ಬರ್ಕೊಳ್ಳಿ," ಎಂದು ಹೇಳುತ್ತಾರೆ.

ಹೋದ ವರ್ಷ, ರಂಜಾನಿಗೆ ಮುಂಚೆ. ದ್ವೀಪಕ್ಕೆ ಮೊದಲ ಸಲ ಅಂಗೈಯಗಲದ ಯಂತ್ರ ಹೋಗುವುದಿತ್ತು. ಲೂದ್ ಹೊರಡಲು ಇಪ್ಪತ್ತು ನಿಮಿಷ. ಪಟ್ಟಿಯನ್ನು ಹೊಸದಾಗಿ ತುಂಬುತ್ತ ಕೂರಲು ಹೊತ್ತಿಲ್ಲವೆಂದು ಹಯೇತ್ ಹಳೆಯ ಯಂತ್ರದಲ್ಲಿದ್ದುದನ್ನು, ಅದರ ಅಕಾರಾದಿ ಜೋಡಣೆ ಸಮೇತ, ಇದ್ದಂತೆಯೇ ನಕಲಿಸಿ ಕಳಿಸಿದರು. ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅಂದು ಹಾಗೇ ಆಯಿತು.

ಎರಡು ವಾರ ಕಳೆದ ಮೇಲೆ ಒಬ್ಬ ಬಾಣಂತಿಗೆ ರಕ್ತಸ್ರಾವ ನಿಲ್ಲಲಿಲ್ಲ. ಬೇಕಿದ್ದದ್ದು ಓ ನೆಗೆಟಿವ್. ದ್ವೀಪದಲ್ಲಿ ಆ ಗುಂಪಿನ ದಾನಿಗಳು ಮೂರೇ ಜನ. ಸುದ್ದಿ ಮುಟ್ಟಿದ್ದೇ ಅವರಲ್ಲೊಬ್ಬರಾದ ಶಾದ್ಲಿ ಬಲೆ ಬಿಟ್ಟು ಒದ್ದೆ ಬಟ್ಟೆಯಲ್ಲೇ ಓಡಿ ಬಂದರು. ಪಟ್ಟಿಯಲ್ಲಿ ಹಿಂದಿನ ಪರೀಕ್ಷೆಯ ವಿವರ ನೋಡದೆ ರಕ್ತ ತೆಗೆಯುವಂತಿಲ್ಲ. ಮಬ್ರೂಕಾ ಅರಬ್ಬಿಯಲ್ಲಿ ಹೆಸರು ಒತ್ತಿದರೆ, ಅಂಥವರಾರೂ ಇಲ್ಲ ಎಂದಿತು ಯಂತ್ರ.

"ಇಲ್ಲ ಅಂದ್ರೆ ಏನಮ್ಮ? ಈ ಪಾಟಿ ದೇಹ ನಿನ್ನ ಮುಂದೆ ನಿಂತಿಲ್ವಾ!" ಎಂದು ಶಾದ್ಲಿ ಕೂಗಾಡಿದ್ದು ಹಯೇತ್‌ಗೆ ಫೋನಿನಲ್ಲೇ ಕೇಳಿಸಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಬೇಕಾಗಿತ್ತು, ಕನ್ನಡಿಯೇ ಸುಳ್ಳು ಹೇಳುತ್ತಿತ್ತು. ಹಯೇತ್‌ಗೆ ಕಾರಣ ಹೊಳೆಯಲಿಲ್ಲ. ಆದರೆ, "ಹೆಸರು ಬಿಡು ಮಬ್ರೂಕಾ, ಕಾರ್ಡಿನ ನಂಬರ್ ಒತ್ತು," ಎನ್ನುವಷ್ಟು ಬುದ್ಧಿ ಆ ಗಳಿಗೆಯಲ್ಲಿ ಓಡಿತು. ನಂಬರಿಗೆ ಶಾದ್ಲಿ ಸಿಕ್ಕರು. ಬಾಣಂತಿ ಬದುಕಿದಳು. "ಹನ್ನೊಂದು ನಿಮಿಷ ಹಾಳಾಯ್ತು. ಅವಳ ಹಣೆಬರಹ ಗಟ್ಟಿ ಇತ್ತು, ನನ್ನ ಕೆಲಸ ಅಲ್ಲ," ಎಂದು ಹಯೇತ್ ನೇರವಾಗಿ ಹೇಳುತ್ತಾರೆ.

ಕಾರಣ ಸಿಗಲು ಆರು ದಿನ ಹಿಡಿಯಿತು. ಕಾರ್ಡು ಜೋಡಿಸುವ ಇಬ್ಬರು ಗುಮಾಸ್ತರನ್ನು ನೆನೆಸಿಕೊಂಡರೆ ಸಾಕು. ಹಳೆಯ ಜಾತಿಯ ಪ್ರೊಸೆಸರ್ ಅರಬ್ಬಿ ಅಕ್ಷರದ ಸಂಕೇತಗಳನ್ನು ಸೊನ್ನೆಗಿಂತ ಕಡಿಮೆ ಎಂದು ಎಣಿಸಿ, ಆ ಹೆಸರುಗಳನ್ನು ಫ್ರೆಂಚ್ ಅಕ್ಷರದ ಹೆಸರುಗಳಿಗಿಂತ ಮುಂದಿಡುತ್ತದೆ. ಹೊಸ ಜಾತಿ ಅವೇ ಸಂಕೇತಗಳನ್ನು ದೊಡ್ಡ ಸಂಖ್ಯೆ ಎಂದುಕೊಂಡು ಹಿಂದೆ ಹುಡುಕುತ್ತದೆ. ಒಬ್ಬ ಮುಂದಿಟ್ಟದ್ದನ್ನು ಇನ್ನೊಬ್ಬ ಹಿಂದೆ ತಡಕಿದರೆ ಸಿಗುವುದು ಹೇಗೆ? ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳದಿದ್ದುದಕ್ಕೂ ಕಾರಣವಿತ್ತು. ಹಯೇತ್ ಟೈಪ್ ಕಲಿತದ್ದು ಫ್ರೆಂಚ್ ಕೀಲಿಮಣೆಯ ಮೇಲೆ. ಹಳೆಯ ಬೆರಳಿನ ರೂಢಿಯಂತೆ ಪರೀಕ್ಷೆಯ ಹೆಸರುಗಳನ್ನೆಲ್ಲ ಫ್ರೆಂಚ್ ಅಕ್ಷರದಲ್ಲೇ ಬರೆದಿದ್ದರು. "ನಮ್ಮ ಜನರ ಹೆಸರನ್ನ ನಮ್ಮ ಅಕ್ಷರದಲ್ಲಿ ಒಂದು ಸಲಾನೂ ಕೇಳಿರ್ಲಿಲ್ಲ ನೋಡಿ. ಇವತ್ತಿಗೂ ನಾಚಿಕೆ ಆಗುತ್ತೆ," ಎನ್ನುವಾಗ ಅವರ ದನಿ ತಗ್ಗುತ್ತದೆ.

ಅಂದಿನಿಂದ ಎಲ್ಲ ಬಿಲ್ಡುಗಳಲ್ಲೂ, ಅಕ್ಷರಗಳನ್ನು ಹಳೆಯ ಯಂತ್ರದಂತೆಯೇ ಎಣಿಸು ಎಂಬ ಒಂದು ಸಾಲಿನ ಸೂಚನೆ ಇರುತ್ತದೆ. ಅರಬ್ಬಿಯಲ್ಲಿ ಬರೆದ ಶಾದ್ಲಿಯ ಹೆಸರು ಮೊದಲ ಪರೀಕ್ಷೆ. ಹಾಗಾದರೆ ಈ ಗುರುವಾರ ಆದದ್ದೇನು? ನಾಲ್ಕನೆಯದು ಅಂಗೈಯಗಲದ ಜಾತಿಯದೇ ಹೊಸ ಮಾದರಿ. ಅದರ ಬಿಲ್ಡಿನ ಸೂಚನೆಗಳನ್ನು ಹೊಸದಾಗಿ ಬರೆದವರು ಸಂಘದ ಎಂಜಿನಿಯರ್ ಸ್ಲೀಮ್. ಆ ಒಂದು ಸಾಲು ಬಿಟ್ಟುಹೋಗಿದೆ. ಪಟ್ಟಿಯನ್ನೂ ಕಚೇರಿಯ ಹಳೆಯ ಯಂತ್ರದಿಂದ ಇದ್ದಂತೆಯೇ ನಕಲಿಸಿದ್ದಾರೆ.

ಆರೂವರೆಗೆ ಬಂದ ಸ್ಲೀಮ್ ತಲೆ ಚಚ್ಚಿಕೊಳ್ಳುತ್ತಾರೆ. "ಹಯೇತ್ ಅಮ್ಮಾ, ನನ್ನನ್ನ ಸಮುದ್ರಕ್ಕೆ ಎಸೀರಿ."

"ಮೀನಿಗೆ ಅಜೀರ್ಣ ಆಗುತ್ತೆ. ಸಾಲು ಸೇರಿಸಿ, ಕೂತ್ಕೊಳ್ಳಿ."

ಹುಡುಕುವ ಭಾಗವನ್ನು ಮತ್ತೆ ಕಟ್ಟಲು ಒಂದು ಗಂಟೆ ಹತ್ತು ನಿಮಿಷ. ಈ ಸಲ ನಕಲನ್ನು ನಂಬದೆ, ಪಟ್ಟಿಯನ್ನು ಬರೀ ಅಕ್ಷರವಾಗಿ ಹೊರತೆಗೆದು ಹೊಸದಾಗಿ ತುಂಬಲು ನಲವತ್ತು ನಿಮಿಷ. ಪರೀಕ್ಷೆಗಳದು ಬೇರೆ. ಎಂಟರ ಲೂದ್ ಸಿಗುವ ಮಾತೇ ಇಲ್ಲ. ಏಳೂವರೆಗೆ, ವಿಷಯ ತಿಳಿದ ಸಂಘದ ಕಾರ್ಯದರ್ಶಿ ನೌಫೆಲ್ ಫೋನ್ ಮಾಡುತ್ತಾರೆ.

"ಹಯೇತ್, ಇನ್ನೂ ಬಂದರಿಗೆ ಬಂದಿಲ್ವಲ್ಲ? ಗಾಳಿ ಬರ್ತಿದೆ ಮಾರಾಯ್ತಿ. ಹೆಸರು ಸಿಗದಿದ್ರೆ ನಂಬರ್ ಒತ್ಲಿ, ಕಳಿಸಿಬಿಡು!"

"ನೌಫೆಲ್ ಸಾಹೇಬ್ರೇ, ಕಾರ್ಡು ಮನೇಲಿ ಬಿಟ್ಟು ಬಂದವರು ಏನು ಒತ್ತಬೇಕು?"

"ಗಾಳಿಗೆ ಹತ್ತೂವರೆ ಲೂದ್ ಹೊರಡದಿದ್ರೆ?"

ಹೊರಡದಿದ್ದರೆ ದ್ವೀಪಕ್ಕೆ ಎರಡು ದಿನ ಪಟ್ಟಿಯೇ ಇಲ್ಲ, ಅದರ ಹೊಣೆ ಹಯೇತ್ ಅವರದೇ. "ಪಟ್ಟಿ ಇಲ್ಲ ಅಂದ್ರೆ ಮಬ್ರೂಕಾ ಬೇರೆ ದಾರಿ ಹುಡುಕ್ತಾಳೆ. ಸುಳ್ಳು ಹೇಳೋ ಪಟ್ಟಿ ಇದ್ರೆ ಅದನ್ನ ನಂಬಿ ಕೂತ್ಕೋತಾಳೆ. ಕಳಿಸಲ್ಲ," ಎಂದು ಫೋನ್ ಇಡುತ್ತಾರೆ. ಎಂಟಕ್ಕೆ ಲೂದ್‌ನ ಕೂಗು ಕೇಳಿಸಿದಾಗ ಕಿಟಕಿಯ ಕಡೆ ತಿರುಗಿಯೂ ನೋಡುವುದಿಲ್ಲ. ಬ್ಸೀಸಾ ಡಬ್ಬಿ ತೆರೆದು ಅರ್ಧ ಸ್ಲೀಮ್ ಮುಂದೆ ಇಡುತ್ತಾರೆ.

ಒಂಬತ್ತು ಗಂಟೆ ಐವತ್ತು ನಿಮಿಷಕ್ಕೆ ನಾಲ್ಕನೆಯ ಯಂತ್ರ ಇದ್ದಾರೆ ಎನ್ನುತ್ತದೆ. ಉಳಿದ ನಾನ್ನೂರ ಹನ್ನೊಂದಕ್ಕೂ ಸರಿಯಾಗಿ ಉತ್ತರಿಸುತ್ತದೆ. ಸ್ಲೀಮ್ ಅದನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು ಬಂದರಿಗೆ ಓಡುತ್ತಾರೆ. ಹತ್ತೂವರೆಯದು ಹೊರಡುತ್ತದೆ. ಅದು ದ್ವೀಪ ಮುಟ್ಟಿದ ಮೇಲೆ ಗಾಳಿ ಏಳುತ್ತದೆ, ದಿನದ ಉಳಿದ ಲೂದ್‌ಗಳು ರದ್ದಾಗುತ್ತವೆ.

ಒಂದು ಗಂಟೆಗೆ ದ್ವೀಪದಿಂದ ಮಬ್ರೂಕಾ ಫೋನು. ಯಂತ್ರ ಕೂತಿದೆ, ಹೆಸರು ಒತ್ತಿ ನೋಡಿದ್ದಾಗಿದೆ. ಹಿಂದಿನಿಂದ ಒಂದು ಗಂಡು ದನಿ: "ನಾನು ಇದ್ದೀನಂತಾ?"

"ಇದ್ದೀರಂತೆ, ಶಾದ್ಲಿ ಚಿಕ್ಕಪ್ಪ. ಹೋಗಿ ಬಲೆ ನೋಡ್ಕೊಳ್ಳಿ," ಎಂದು ಹಯೇತ್ ಮೊದಲ ಬಾರಿಗೆ ನಗುತ್ತಾರೆ.

ಫೋನ್ ಇಟ್ಟ ಮೇಲೆ ಬಂದರಿನಿಂದ ವಾಪಸಾದ ಸ್ಲೀಮ್ ಕೆಣಕುತ್ತಾರೆ. ಬರುವ ಮಾರ್ಚಿಗೆ ಶಾದ್ಲಿಗೆ ಅರವತ್ತೈದು ತುಂಬುತ್ತದೆ. ಸಂಘದ ನಿಯಮದಂತೆ ದಾನಿಗಳ ಪಟ್ಟಿಯಿಂದ ಅವರ ಹೆಸರು ಹೋಗುತ್ತದೆ. ಆಗ ಬೆಳಿಗ್ಗೆ ಯಾರನ್ನು ಕೇಳುತ್ತೀರಿ?

"ಅವರನ್ನೇ ಕೇಳ್ತೀನಿ," ಎನ್ನುತ್ತಾರೆ ಹಯೇತ್, ಖಾಲಿ ಡಬ್ಬಿಯ ಮುಚ್ಚಳ ಹಾಕುತ್ತ. "ಆಗ ಎಲ್ಲಾನೂ ಇಲ್ಲ ಅನ್ನಬೇಕು. ಯಾವುದಾದ್ರೂ ಒಂದು ಪ್ರೀತಿಗೆ ಇದ್ದಾರೆ ಅಂದ್ರೂ, ಅದನ್ನ ಲೂದ್ ಹತ್ತಿಸಲ್ಲ."