ಮಳೆ ಉಲಾಯಿಯೋ ಪಿದಾಯಿಯೋ

ಅವರ ಬಿಳಿ ಅಂಗಿಯ ಜೇಬಿನ ತಳ ಯಾವಾಗಲೂ ಕೆಂಪು. ಅದರೊಳಗೆ ಮುರಕಲ್ಲಿನ ಚೂರೊಂದು ಇರುತ್ತಿತ್ತು. ಸೈಟಿಗೆ ಬಂದವರೇ ಅದನ್ನು ತೆಗೆದು ಸಿಮೆಂಟಿನ ನೆಲದ ಮೇಲೆ ಒಂದು ಗೆರೆ ಎಳೆಯುವರು. ಗೆರೆಯ ಈಚೆ ಉಲಾಯಿ, ಆಚೆ ಪಿದಾಯಿ. ತುಳುವಿನಲ್ಲಿ ಒಳಗೆ, ಹೊರಗೆ. ನಮ್ಮ ಕೈಯಲ್ಲಿರುವುದು ಒಳಗೆ, ಕೈ ಮೀರಿದ್ದು ಹೊರಗೆ. ಕೆಲಸಕ್ಕೆ ಅಡ್ಡ ಬರುವುದೆಲ್ಲ ಇವೆರಡರಲ್ಲಿ ಒಂದು ಕಡೆ ನಿಲ್ಲಲೇಬೇಕು ಎಂಬುದು ನಮ್ಮ ಪ್ರಾಜೆಕ್ಟ್ ಮ್ಯಾನೇಜರರ ಶಾಸ್ತ್ರ. ನಾನು ಆಗಷ್ಟೇ ಓದು ಮುಗಿಸಿ ಅವರ ಕೈಕೆಳಗೆ ಸೇರಿದ್ದ ಇಂಜಿನಿಯರ್. ಕಾರ್ಕಳದ ಹತ್ತಿರ ಗುಡ್ಡ ಕಡಿದು ಹಾಸ್ಟೆಲ್ ಕಟ್ಟುತ್ತಿದ್ದೆವು.

ಸಿಮೆಂಟಿನ ದರ ಏರಿದರೆ ಪಿದಾಯಿ. ಪಂಚಾಯತಿನ ಅನುಮತಿ ತಡವಾದರೆ ಪಿದಾಯಿ. ಆಳುಗಳೆಲ್ಲ ಭೂತಕೋಲಕ್ಕೆಂದು ಊರಿಗೆ ಹೋದರೆ? ನಾನು ಪಿದಾಯಿ ಎಂದೆ. ನಕ್ಕುಬಿಟ್ಟರು.

"ಕೋಲ ಯಾವಾಗ ಅಂತ ಅವರಿಗೆ ಮೊದಲೇ ಗೊತ್ತುಂಟು. ನೀನು ಕೇಳಲಿಲ್ಲ. ಉಲಾಯಿ!"

ಮಳೆಗೂ ಅದೇ ತೀರ್ಪು. "ಜೂನಿನಲ್ಲಿ ಮಳೆ ಬರ್ತದೆ ಅಂತ ಗೊತ್ತಿಲ್ಲದವ ನಮ್ಮೂರಲ್ಲಿ ಇದ್ದಾನಾ ಮಾರಾಯ್ತಿ? ಮಳೆಗೆ ಬೈಯುವುದೆಂದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ."

ಎಂಥ ಗುರು ಸಿಕ್ಕಿದರಪ್ಪಾ ಎಂದು ಹಿಗ್ಗಿದ್ದೆ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಉಲಾಯಿ ಎಂದು ತೀರ್ಪು ಕೊಟ್ಟು ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆ.

ಕಡಿದ ಗುಡ್ಡದ ಬುಡಕ್ಕೆ ಮಳೆಗಾಲದ ಮೊದಲೇ ತಡೆಗೋಡೆ ಏಳಬೇಕಿತ್ತು. ಮೇ ತಿಂಗಳಲ್ಲಿ ನೆನಪಿಸಿದೆ. "ಮೊದಲು ಸ್ಲ್ಯಾಬ್ ಆಗಲಿ, ಮಾಲಕರು ನೋಡಲಿಕ್ಕೆ ಬರ್ತಾರೆ" ಎಂದರು. ಜೂನಿನಲ್ಲಿ ಗುಡ್ಡ ಜರಿಯಿತು. ಕೆಳಗೆ ಕೆಲಸ ಮಾಡುತ್ತಿದ್ದ ಮೇಸ್ತ್ರಿ ಸೊಂಟದ ತನಕ ಹೂತುಹೋದರು. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ.

ಮಾಲಕರ ಎದುರಿನ ಸಭೆಯಲ್ಲಿ ಈ ಮಹಾನುಭಾವರು ಹೇಳಿದ್ದೇನು? "ಪ್ರಕೃತಿ ವಿಕೋಪ. ನಮ್ಮ ಕೈಯಲ್ಲಿ ಎಂತ ಉಂಟು?"

ನನಗೆ ತಡೆಯಲಾಗಲಿಲ್ಲ. "ಸರ್, ಮಳೆ ಉಲಾಯಿ ಅಲ್ವಾ?" ಎಂದೇಬಿಟ್ಟೆ. ಸಭೆ ಮುಗಿದು ಮೆಟ್ಟಿಲಿಳಿಯುವಾಗ ಮೆಲ್ಲಗೆ, "ನಾಳೆಯಿಂದ ನೀನು ಪಿದಾಯಿ" ಎಂದರು. ಅಬ್ಬಾ, ಎಷ್ಟು ಸಲೀಸು!

ಕೆಲಸ ಹೋದದ್ದಕ್ಕಲ್ಲ ನನ್ನ ಸಿಟ್ಟು. ಬೇರೆ ಕೆಲಸ ಮಣಿಪಾಲದಲ್ಲೇ ಸಿಕ್ಕಿತು. ಆದರೆ ಕಾಲು ಕಳೆದುಕೊಂಡ ಮನುಷ್ಯನಿಗೆ "ತಪ್ಪು ನಮ್ಮದು" ಎಂಬ ಒಂದು ಮಾತು ಸಲ್ಲಬೇಕಿತ್ತು. ಗೊತ್ತಿಲ್ಲದವರು ಆ ಮಾತು ನುಂಗಿದ್ದರೆ ಕ್ಷಮಿಸುತ್ತಿದ್ದೆ. ಇವರಿಗೆ ಎಲ್ಲ ಗೊತ್ತಿತ್ತು, ನನಗೆ ಕಲಿಸಿದವರೇ ಇವರು.

ಹೋದ ವರ್ಷ ತೀರಿಕೊಂಡರು. ಕಾಪುವಿನ ಅವರ ಮನೆಗೆ ಹೋದೆ. ಇಂದು ನಾನು ಉಣ್ಣುವ ಅನ್ನ ಅವರು ಕಲಿಸಿದ ವಿದ್ಯೆಯದು, ಹೋಗದಿರಲು ಮನಸ್ಸು ಒಪ್ಪಲಿಲ್ಲ. ಅಂಗಳದಲ್ಲಿ ಊರುಗೋಲು ಹಿಡಿದು ಆ ಮೇಸ್ತ್ರಿ ನಿಂತಿದ್ದರು. ಕಣ್ಣು ತುಂಬಿಕೊಂಡಿತ್ತು.

"ಒಳ್ಳೆ ಜನ ಮೇಡಂ. ಆಸ್ಪತ್ರೆಗೆ ಬಂದು ನನ್ನ ಕೈ ಹಿಡಿದು ಹೇಳಿದರು, ನೀನು ಅಲ್ಲಿ ನಿಲ್ಲಬಾರದಿತ್ತು ಅಂತ. ಹೌದು, ತಪ್ಪು ನನ್ನದೇ ಅಲ್ವಾ?"

"ನಿಮ್ಮದಲ್ಲ, ಅವರದ್ದು!" ಸಾವಿನ ಮನೆ ಎಂಬುದನ್ನೂ ಮರೆತು ಕೂಗಿದೆ.

ಜನ ತಿರುಗಿ ನೋಡಿದರು. ಮೇಸ್ತ್ರಿ ಗಾಬರಿಯಾಗಿ ನನ್ನ ಕೈ ಹಿಡಿದರು. "ಮೆಲ್ಲ ಮೇಡಂ, ಮೆಲ್ಲ. ಸತ್ತವರ ಬಗ್ಗೆ ಹಾಗೆಲ್ಲ ಹೇಳಬಾರದು."