ಮೊಣಕಾಲು ಸೋತರೂ ಮೈದಾನಕ್ಕೆ ಮರಳಿದ ದಾನೇಶ್ವರಿ

ಮುಂಬೈಯ ಭಾಂಡುಪ್‌ನ ಮೈದಾನದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮದುವೆ ಪೆಂಡಾಲಿನವರು ಬಿಟ್ಟುಹೋದ ಮೊಳೆ, ಗಾಜಿನ ಚೂರುಗಳನ್ನು ಹುಡುಗಿಯರ ಫುಟ್‌ಬಾಲ್ ಕೋಚ್ ದಾನೇಶ್ವರಿ ಆರಿಸುತ್ತಿದ್ದಾರೆ. ಎಡ ಮೊಣಕಾಲು ಸರಿಯಾಗಿ ಮಡಚುವುದಿಲ್ಲ. ಏಳುವಾಗ ಗೋಲ್ ಕಂಬ ಹಿಡಿಯುತ್ತಾರೆ. “ಹುಡುಗ್ಯಾರು ಬರೂದ್ರಾಗ ಇದು ಮುಗೀಬೇಕ್ರೀ. ಅರ್ಧಾ ಮಂದಿಗೆ ಶೂಸ್ ಇಲ್ಲ” ಎನ್ನುತ್ತಾರೆ.

ತಾಯಿ ಸೋಮವ್ವ ವಿಜಯಪುರದ ಕಡೆಯಿಂದ ಬಂದು ಇಲ್ಲಿನ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತವರು. ಮಗಳು ತಾವಿದ್ದ ವಠಾರದಂಥ ಚಾಳಿನ ಹುಡುಗರ ಜೊತೆ ಆಡುತ್ತಲೇ ಫುಟ್‌ಬಾಲ್ ಕ್ಲಬ್ ಸೇರಿದರು, ಗೋಲು ಹೊಡೆಯುವುದರಲ್ಲಿ ಹೆಸರಾದರು. ಇಪ್ಪತ್ಮೂರನೇ ವಯಸ್ಸಿನಲ್ಲಿ, ಫೈನಲ್‌ಗೆ ಮೊದಲು ಮೊಣಕಾಲು ಊದಿತ್ತು. ಆಗಿನ ಕೋಚ್ ನೋವು ಮರೆಸುವ ಸ್ಪ್ರೇ ಹೊಡೆಸಿ ಆಡಿಸಿದರು. “ನಾನೂ ಹೂಂ ಅಂದೆ. ಬ್ಯಾಡ ಅನ್ನಾಕ ಯಾರೂ ಇರಲಿಲ್ಲ.” ದ್ವಿತೀಯಾರ್ಧದಲ್ಲಿ ಲಿಗಮೆಂಟ್ ಹರಿಯಿತು. ತಂಡ ಕಪ್ ಎತ್ತಿದಾಗ ಅವರು ಸಯನ್‌ನ ಆಸ್ಪತ್ರೆಯಲ್ಲಿದ್ದರು.

ಆಮೇಲೆ ಎರಡು ವರ್ಷ ಮೈದಾನದ ಕಡೆ ತಲೆಹಾಕಲಿಲ್ಲ. ದಾದರ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. “ದೀದಿ, ಸಿಖಾವೋ ನಾ” ಎಂದು ಚಾಳಿನ ಹುಡುಗಿಯರು ಆಟ ಕಲಿಸುವಂತೆ ಬೆನ್ನುಬಿದ್ದ ಮೇಲೆಯೇ ಮರಳಿ ಬಂದದ್ದು. ಈಗಲೂ ಬೆಳಿಗ್ಗೆ ಕೋಚಿಂಗ್, ಆಮೇಲೆ ಅಂಗಡಿ. “ಲೋಕಲ್ ಟ್ರೇನ್‌ನಾಗ ನಿಂತಲ್ಲೇ ನಿದ್ದಿ ಮಾಡ್ತೀನ್ರೀ. ಭಾಳ ದಣಿವು.”

ಕಳೆದ ತಿಂಗಳು ಈ ಹುಡುಗಿಯರ ತಂಡದ ಸೆಮಿಫೈನಲ್ ಇತ್ತು. ನಗರ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರೂ ಬಂದಿದ್ದರು. ತಂಡದ ಜೀವಾಳವಾದ ಹದಿನೈದರ ಯಕ್ಷಿತಾ ವಾರ್ಮಪ್‌ನಲ್ಲೇ ಕುಂಟಿದಳು. ಮೊಣಕಾಲು ಮುಟ್ಟಿ ನೋಡಿದ ದಾನೇಶ್ವರಿ ಆಕೆಯನ್ನು ಹೊರಗೆ ಕೂರಿಸಿದರು. “ಕುಛ್ ನಹೀ ಹುವಾ ದೀದಿ, ಖೇಲ್ನೇ ದೋ” ಎಂದು ಹುಡುಗಿ ಆಡಲು ಬಿಡುವಂತೆ ಅಂಗಲಾಚಿ ಅತ್ತಳು. ಹೋಟೆಲಿನಲ್ಲಿ ಅಡುಗೆ ಮಾಡುವ, ಉಡುಪಿ ಕಡೆಯ ಅವಳ ತಂದೆ ದೂಜ ಕೂಗಾಡಿದರು: “ನಾನು ರಜೆ ಹಾಕಿ ಬಂದದ್ದು ಇವಳು ಕೂತದ್ದನ್ನು ನೋಡ್ಲಿಕ್ಕಾ ಮಾರಾಯ್ತಿ?”

ತಂಡ ಸೋತಿತು. ಡಾಕ್ಟರು ಪರೀಕ್ಷಿಸಿ ಸಣ್ಣ ಉಳುಕು ಎಂದರು. ಯಕ್ಷಿತಾ ಅಭ್ಯಾಸಕ್ಕೆ ಬರುವುದನ್ನೇ ನಿಲ್ಲಿಸಿದಳು.

“ಆಡಬಹುದಿತ್ತೋ ಏನೋ. ಹುಡುಗಿ ಚಾನ್ಸ್ ನಾನೇ ಕಳದ್ನೇನೋ ಅಂತ ದಿನಾ ಅನಸ್ತದ. ಆದ್ರ ಮತ್ತ ಅಂಥಾ ದಿನ ಬಂದ್ರೂ ಹೊರಗ ಕೂಡಸ್ತೀನಿ” ಎನ್ನುತ್ತಾರೆ ದಾನೇಶ್ವರಿ.

ಬಿಸಿಲೇರುವ ಹೊತ್ತಿಗೆ ಹುಡುಗಿಯರು ಸಾಲಾಗಿ ಓಡುತ್ತಿದ್ದಾರೆ. ಕೊನೆಯಲ್ಲಿ ಯಕ್ಷಿತಾ. ಈ ವಾರವಷ್ಟೇ ಮರಳಿದ್ದಾಳೆ. ಕೋಚ್ ಪಕ್ಕದಲ್ಲೇ ಹಾದುಹೋದರೂ ಮುಖ ತಿರುಗಿಸುತ್ತಾಳೆ.

“ಸಿಟ್ಟೈತಿ, ಮಾತಾಡೂದಿಲ್ಲ. ಇರಲಿ ಬಿಡ್ರೀ” ಎಂದು ದಾನೇಶ್ವರಿ ಅವಳ ಕಾಲುಗಳನ್ನೇ ನೋಡುತ್ತಾರೆ. “ಓಡಾಕತ್ಯಾಳಲ್ಲ, ಸಾಕು.”