ಹಿಡಿದುಕೊಂಡ ಉಸಿರು

ದೂರದಲ್ಲಿರುವ ಒಬ್ಬರ ಸಂಕಟ ಇನ್ನೊಬ್ಬರಿಗೆ ತಟ್ಟುತ್ತದೆ ಎಂಬ ಮಾತನ್ನು ನಾನು ನಂಬಿದವಳಲ್ಲ. ಅವ್ವ ಅಂಥ ಕತೆ ತೆಗೆದರೆ ಎದ್ದು ಹೋಗಿಬಿಡುತ್ತಿದ್ದೆ. ಫಿಸಿಯೊಥೆರಪಿ ಓದಲು ವಿಜಯಪುರಕ್ಕೆ ಬಂದ ಮೇಲಂತೂ ಹಟ ಇನ್ನೂ ಗಟ್ಟಿಯಾಯಿತು. ಹೃದಯ, ಶ್ವಾಸಕೋಶ, ನರಮಂಡಲ ಹೇಗೆ ಕೆಲಸ ಮಾಡುತ್ತವೆ ಎಂದು ಓದುತ್ತ ಹೋದಂತೆ, ಮನುಷ್ಯನ ಮೈಯಲ್ಲಿ ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ಖಾತ್ರಿಯಾಗಿತ್ತು. ಈಗ ಹೇಳುವುದನ್ನು ನೀವು ನಂಬಬೇಕೆಂದಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಮೊದಲ ವರ್ಷದ ಬೇಸಿಗೆ. ಮಧ್ಯಾಹ್ನದ ಪ್ರಾಯೋಗಿಕ ತರಗತಿಯಲ್ಲಿ, ಉಸಿರು ಹಿಡಿದಾಗ ನಾಡಿ ಹೇಗೆ ಬದಲಾಗುತ್ತದೆ ಎಂದು ನೋಡುವುದಿತ್ತು. ನಾನು ಸ್ಟೂಲಿನ ಮೇಲೆ ಕೂತೆ. ಗೆಳತಿ ರೇಣುಕಾ ನನ್ನ ಬಲ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದಳು. ಹಾಗಾಗಿ ಎಡಗೈಯಿಂದ ಮೂಗು ಒತ್ತಿಕೊಂಡು ಬಾಯಿ ಮುಚ್ಚಿದೆ.

ಉಸಿರು ಕಟ್ಟಿದರೆ ಸ್ವಲ್ಪ ಹೊತ್ತಿಗೇ ಮೆದುಳು ಉಸಿರಾಡೆಂದು ಒತ್ತಾಯಿಸುತ್ತದೆ. ಬೇಡವೆಂದರೂ ಬಾಯಿ ತೆರೆದುಕೊಳ್ಳುತ್ತದೆ. ಆ ಒತ್ತಾಯ ನನಗೂ ಬಂತು, ಎದೆ ಜಗ್ಗಿತು. ಆಮೇಲೆ ಒಮ್ಮೆಲೇ ಎಲ್ಲ ನಿಂತುಹೋಯಿತು. ಉಸಿರು ಬೇಕು ಅನ್ನಿಸಲೇ ಇಲ್ಲ. ಆ ಸೆಕೆಯಲ್ಲೂ ಮೈ ತಣ್ಣಗಾಯಿತು. ಸುತ್ತಲಿನ ಮಾತೆಲ್ಲ ದೂರ ಸರಿದಂತಾಯಿತು.

“ಸಾಕವ್ವಾ, ಉಸರ ಬಿಡು,” ಎಂದರು ಸರ್. ಕೈ ತೆಗೆಯಲು ನೋಡಿದೆ. ಬೆರಳು ಸಡಿಲವಾಗಲಿಲ್ಲ. ಬಿಡಬಾರದು ಎಂಬುದೊಂದೇ ತಲೆಯಲ್ಲಿತ್ತು; ಯಾಕೆ ಎಂದು ಗೊತ್ತಿರಲಿಲ್ಲ. ರೇಣುಕಾ ಹೊರಳಿ, “ನಾಡಿ ಸಿಗವಲ್ದ್ರಿ ಸರ್,” ಅಂದಳು. ಸರ್ ಓಡಿ ಬಂದು ನನ್ನ ಬೆರಳು ಎಳೆದರು, ಭುಜ ಹಿಡಿದು ಅಲುಗಾಡಿಸಿದರು. ಆಗಲೂ ಕೈ ಬರಲಿಲ್ಲ. ಆಮೇಲೆ ಅದು ತಾನಾಗಿಯೇ ಜಾರಿ ತೊಡೆಯ ಮೇಲೆ ಬಿತ್ತು. ನಾನು ಬಾಗಿ ಬಹಳ ಹೊತ್ತು ಕೆಮ್ಮಿದೆ.

ಅಂಜಿಕೆಯಿಂದ ಹಾಗಾಗಿರಬೇಕು ಎಂದರು ಸರ್. ನಾನೂ ಹಾಗೇ ಅಂದುಕೊಂಡೆ. ನೀರು ಕುಡಿದು ಅಲ್ಲೇ ಕೂತು ಅರ್ಧ ಗಂಟೆಯಾಗಿತ್ತು, ಹೊನವಾಡದಲ್ಲಿರುವ ನನ್ನ ಅಕ್ಕ ಮಾದೇವಿಯ ಗಂಡ ಫೋನ್ ಮಾಡಿದ. ಅರ್ಧ ಗಂಟೆಯ ಕೆಳಗೆ ಅಕ್ಕ ದ್ರಾಕ್ಷಿ ತೋಟದ ಕೃಷಿ ಹೊಂಡಕ್ಕೆ ಬಿದ್ದಿದ್ದಳು. ಅಂಚಿಗೆ ಹೋದ ಆಡಿನ ಮರಿಯನ್ನು ಹಿಡಿಯಲು ಹೋಗಿ, ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿದ್ದಳು. ಆ ಹಾಳೆ ಹಿಡಿದು ಮೇಲೆ ಬರಲು ಯಾರಿಗೂ ಆಗುವುದಿಲ್ಲ. ಪಕ್ಕದ ತೋಟದವರು ಹಗ್ಗ ಕಟ್ಟಿಕೊಂಡು ಇಳಿದು, ಮುಳುಗಿದವಳನ್ನು ಎತ್ತಿದ್ದರು. ಈಗ ಟಿಕೋಟಾ ದಾಟಿ ವಿಜಯಪುರದ ಆಸ್ಪತ್ರೆಗೆ ಕರೆತರುತ್ತಿದ್ದೇವೆ ಎಂದ.

ನಾನು ಹೋದಾಗ ಅಕ್ಕನಿಗೆ ಪ್ರಜ್ಞೆ ಇರಲಿಲ್ಲ, ಜೀವವಿತ್ತು. ಶ್ವಾಸಕೋಶಕ್ಕೆ ನೀರು ಹೋಗದಿದ್ದುದೇ ಆಕೆಯನ್ನು ಉಳಿಸಿತು ಎಂದರು ಡಾಕ್ಟರು. ಮುಳುಗುವಾಗ ಕೆಲವರ ಗಂಟಲು ಬಿಗಿದುಕೊಂಡು ನೀರನ್ನು ತಡೆಯುತ್ತದಂತೆ. ನಾನೂ ಓದಿದ್ದೆ. ತಲೆಯಾಡಿಸಿದೆ.

ಸಂಜೆ ಅಕ್ಕ ಕಣ್ಣು ಬಿಟ್ಟಳು. ಆಕೆಯ ಗಂಡ ಔಷಧಿ ತರಲು ಹೋಗಿದ್ದ, ನಾನೊಬ್ಬಳೇ ಇದ್ದೆ. ನನ್ನನ್ನು ನೋಡಿ, “ಎಡಗೈಲೆ ಯಾಕ ಹಿಡದಿದ್ದಿ?” ಅಂದಳು.

ಏನನ್ನು ಎಂದು ಕೇಳಿದೆ.

“ನನ್ನ ಮೂಗಬೇ. ನೀರಾಗ ಉಸರ ಎಳಕೋಬೇಕಂತ ಜೀವಾ ಒದ್ದಾಡತಿತ್ತು. ನೀ ಬಿಡಲೇ ಇಲ್ಲ.”

ತರಗತಿಯ ಸಂಗತಿಯನ್ನು ಅಲ್ಲಿ ಯಾರಿಗೂ ನಾನು ಹೇಳಿರಲಿಲ್ಲ. ನಾನು ಎಡಚಿಯೂ ಅಲ್ಲ. ಮಂಚದ ತುದಿಗೆ ಕೂತುಬಿಟ್ಟೆ. ಅಕ್ಕ ಮತ್ತೆ ನಿದ್ದೆಹೋದಳು. ಮರುದಿನ ಕೇಳಿದರೆ ಅವಳಿಗೆ ಆ ಮಾತು ನೆನಪೇ ಇರಲಿಲ್ಲ.

ಅಕ್ಕನಿಗೆ ಆದದ್ದಕ್ಕೆ ನನ್ನ ಓದಿನಲ್ಲಿ ಕಾರಣವಿದೆ. ನನಗೆ ಆದದ್ದಕ್ಕೂ ಏನೋ ಒಂದು ಸಿಗಬಹುದು. ಎರಡಕ್ಕೂ ಸೇರಿಸಿ ಹೇಳುವ ಕಾರಣ ಮಾತ್ರ ಈ ತನಕ ಸಿಕ್ಕಿಲ್ಲ. ಆಮೇಲೆ ಎಷ್ಟೋ ಸಲ ಒಬ್ಬಳೇ ಕೂತು ಉಸಿರು ಹಿಡಿದು ನೋಡಿದ್ದೇನೆ. ಎಲ್ಲರಂತೆ ನನಗೂ ಬೇಗ ಸಾಕಾಗುತ್ತದೆ. ಆದರೆ ಕೈ ಬಿಟ್ಟ ಕೂಡಲೇ ಅಕ್ಕನನ್ನೇ ನೀರಲ್ಲಿ ಬಿಟ್ಟೆನೇನೋ ಅನ್ನಿಸುತ್ತದೆ. ಹೊನವಾಡಕ್ಕೆ ಫೋನ್ ಹಚ್ಚುತ್ತೇನೆ. ಅಕ್ಕ ಎತ್ತಿಕೊಂಡು ಏನಬೇ ಅಂದ ಮೇಲೆಯೇ ನನಗೆ ಸರಿಯಾಗಿ ಉಸಿರಾಡಲು ಆಗುವುದು.